ಹತ್ತನೇ ಕ್ಲಾಸಿನ ಪರೀಕ್ಷೆ ಜೂನ್‌ನಲ್ಲೇ ಶುರು: ಯಾದಗಿರಿ, ಕಲಬುರಗಿ ಕಡೆಯ ಪಾಲಕರಿಗೆ ಎಸ್ಸೆಸ್ಸೆಲ್ಸಿ ಮಾರ್ಗದರ್ಶಿ

ನಮ್ಮ ಶಾಲೆಗೆ ಬಹಳಷ್ಟು ಪಾಲಕರು ವರ್ಷಕ್ಕೆ ಎರಡೇ ಸಲ ಬರುತ್ತಾರೆ. ಜೂನ್‌ನಲ್ಲಿ ಹೆಸರು ಹಚ್ಚಲು, ಮೇ ತಿಂಗಳಲ್ಲಿ ಮಾರ್ಕ್ಸ್ ಕಾರ್ಡ್ ಒಯ್ಯಲು. ನಾನು ಶಹಾಪುರ ತಾಲೂಕಿನ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುವವನು. ಪರೀಕ್ಷೆಯಲ್ಲಿ ಬಿದ್ದ ಹುಡುಗರ ಜೊತೆ ಮಾತಾಡುವಾಗಲೆಲ್ಲ ಒಂದು ವಿಷಯ ಎದ್ದು ಕಾಣುತ್ತದೆ. ಅರ್ಧ ಮಂದಿ ಬಿದ್ದದ್ದು ಮಾರ್ಚ್‌ನಲ್ಲಿ ಅಲ್ಲ, ಹತ್ತಿ ಬಿಡಿಸುವ ನವೆಂಬರ್‌ನಲ್ಲಿ. ಇನ್ನು ಕೆಲವರು ಪಾಸಾದರೂ ಹೆಸರಿನ ಒಂದಕ್ಷರ ತಪ್ಪಿ ವರ್ಷಗಟ್ಟಲೆ ಕಚೇರಿ ಅಲೆಯುತ್ತಾರೆ. ಓದು ಹುಡುಗರ ಕೆಲಸ ಸರಿ, ಆದರೆ ನಿಯಮ ತಿಳಿದುಕೊಳ್ಳುವುದು ಮನೆಯವರ ಕೆಲಸ.

ನಮ್ಮ ಭಾಗದ ಫಲಿತಾಂಶ ಎಲ್ಲರಿಗೂ ಗೊತ್ತಿರುವಂಥದ್ದೇ. 2024ರಲ್ಲಿ ರಾಜ್ಯದ ಕಡೇ ಜಿಲ್ಲೆ ಯಾದಗಿರಿ, ಶೇ 50.59. 2025ರ ಪರೀಕ್ಷೆ-1ರಲ್ಲಿ ಕಡೇ ಜಿಲ್ಲೆ ಕಲಬುರಗಿ, ಶೇ 42.43. ಅದೇ ವರ್ಷ ದಕ್ಷಿಣ ಕನ್ನಡ ಶೇ 91.12. ಪ್ರಶ್ನೆಪತ್ರಿಕೆ ಮಾತ್ರ ಎರಡೂ ಕಡೆ ಒಂದೇ.

ಮೊದಲು ಒಂದು ಗೊಂದಲ ಬಗೆಹರಿಸೋಣ

"ಒಂಬತ್ತಕ್ಕೂ ಬೋರ್ಡ್ ಪರೀಕ್ಷಾ ಅದ ಏನ್ರಿ ಸರ?" ಅಂತ ಈಗಲೂ ಕೇಳುತ್ತಾರೆ. ಇಲ್ಲ. 2023-24ರಲ್ಲಿ 5, 8, 9ನೇ ತರಗತಿಗೂ ಮಂಡಳಿಯ ಪರೀಕ್ಷೆ ಮಾಡಿದ್ದರು. ಹೈಕೋರ್ಟಿನಲ್ಲಿ ಒಮ್ಮೆ ರದ್ದು, ಮತ್ತೊಮ್ಮೆ ಅನುಮತಿ ಎಂದೆಲ್ಲ ಆಗಿ, ಕೊನೆಗೆ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ಫಲಿತಾಂಶಕ್ಕೆ ತಡೆ ಕೊಟ್ಟಿತು. ಅಲ್ಲಿಗೆ ಅದು ನಿಂತಿತು. ಎಂಟು, ಒಂಬತ್ತಕ್ಕೆ ಶಾಲೆಯ ಮೌಲ್ಯಮಾಪನವೇ. ಹೈಸ್ಕೂಲಿನಲ್ಲಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ನಡೆಸುವುದು ಹತ್ತನೇ ಪರೀಕ್ಷೆ ಒಂದನ್ನೇ. ಹಾಗಂತ ಒಂಬತ್ತನ್ನು ಹಗುರ ಮಾಡಬೇಡಿ. ಒಂಬತ್ತರಲ್ಲಿ ಬೀಜಗಣಿತ ಬಿಟ್ಟ ಹುಡುಗ ಹತ್ತರಲ್ಲಿ ಬೋರ್ಡಿನ ಮುಂದೆ ಸುಮ್ಮನೆ ನಿಂತುಬಿಡುತ್ತಾನೆ.

ಒಂದನೇ ಹೆಜ್ಜೆ: ಹೆಸರು, ಹುಟ್ಟಿದ ದಿನ

ಪರೀಕ್ಷೆಯ ನೋಂದಣಿ ನಡೆಯುವುದು ಶಾಲೆಯ ಕಂಪ್ಯೂಟರಿನಲ್ಲಿ, ಮಗುವಿನ ಸ್ಯಾಟ್ಸ್ ನಂಬರಿನ (ಶಿಕ್ಷಣ ಇಲಾಖೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಗುರುತಿನ ಸಂಖ್ಯೆ) ಮೇಲೆ. ಅಲ್ಲಿ ಏನು ಇದೆಯೋ ಅದೇ ಹಾಲ್ ಟಿಕೆಟ್ಟಿಗೆ ಬರುತ್ತದೆ, ಅದೇ ಮಾರ್ಕ್ಸ್ ಕಾರ್ಡಿಗೆ ಇಳಿಯುತ್ತದೆ. ಮಾರ್ಕ್ಸ್ ಕಾರ್ಡಿನಲ್ಲಿ ಇದ್ದದ್ದೇ ಮುಂದೆ ಪಾಸ್‌ಪೋರ್ಟಿಗೆ, ನೌಕರಿಗೆ, ಎಲ್ಲದಕ್ಕೂ ಸಾಕ್ಷಿ.

ಪರೀಕ್ಷೆಗೆ ಮೊದಲು ಮಂಡಳಿ ಕರಡು ಹಾಲ್ ಟಿಕೆಟ್ ಬಿಡುತ್ತದೆ. ಶಾಲೆಯ ಲಾಗಿನ್‌ನಲ್ಲಿ ಬರುತ್ತದೆ, ನಾವು ಪ್ರಿಂಟ್ ತೆಗೆದು ಮಕ್ಕಳಿಗೆ ಕೊಟ್ಟು ಸಹಿ ಹಾಕಿಸಿಕೊಳ್ಳುತ್ತೇವೆ. ಬಹಳ ಮಂದಿ ಸಹಿ ಹಾಕುತ್ತಾರೆ, ಓದುವುದಿಲ್ಲ. ಓದುವುದು ಹೇಗೆ ಅಂತ ಹೇಳುತ್ತೇನೆ. ಆಧಾರ್ ಕಾರ್ಡನ್ನು ಎಡಕ್ಕೆ ಇಡಿ, ಕರಡನ್ನು ಬಲಕ್ಕೆ. ಶಾಲೆಯ ದಾಖಲಾತಿ ರಿಜಿಸ್ಟರಿನ ನಕಲು ಸಿಕ್ಕರೆ ನಡುವೆ. ಮಗಳಿಗೆ ಹೇಳಿ, ಇಂಗ್ಲಿಷ್ ಅಕ್ಷರ ಒಂದೊಂದಾಗಿ ಜೋರಾಗಿ ಓದಲಿ. ಶರಣಬಸಪ್ಪ ಅನ್ನುವ ಹೆಸರನ್ನೇ ತಗೊಳ್ಳಿ. ನಮ್ಮ ಕಡೆ ಓಣಿಗೆ ನಾಲ್ಕು ಮಂದಿ ಇದ್ದಾರೆ, ಇಂಗ್ಲಿಷಿನಲ್ಲಿ ನಾಲ್ವರೂ ನಾಲ್ಕು ಥರ ಬರೆಯುತ್ತಾರೆ. ಒಬ್ಬ ನಡುವಿನ 'ಎ' ಬಿಡುತ್ತಾನೆ, ಒಬ್ಬ 'ಪಿ' ಒಂದೇ ಹಾಕುತ್ತಾನೆ. ಅಪ್ಪನ ಹೆಸರು ಆಧಾರಿನಲ್ಲಿ ಮಲ್ಲಣ್ಣ, ಶಾಲೆಯಲ್ಲಿ ಮಲ್ಲಪ್ಪ. ಅವ್ವನಿಗೆ ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಇನ್ನೊಂದು. ಅಡ್ಡಹೆಸರು ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ, ಇನ್ನೊಂದು ಕಡೆ ಮಾಯ.

ಹುಟ್ಟಿದ ತಾರೀಖು ನೋಡಿ. ನನ್ನ ಹುಟ್ಟಿದ ದಿನ ದಾಖಲೆಯಲ್ಲಿ ಜೂನ್ 1. ಹುಟ್ಟಿದ್ದು ಶ್ರಾವಣದ ಮಳೆಯಲ್ಲಿ ಅಂತ ಅವ್ವ ಈಗಲೂ ಹೇಳುತ್ತಾಳೆ. ಹೆಸರು ಹಚ್ಚಿದ ಮಾಸ್ತರರು ಆ ದಿನ ಬಂದ ಅಷ್ಟೂ ಹುಡುಗರಿಗೆ ಅದನ್ನೇ ಬರೆದಿದ್ದರು. ನಮ್ಮ ಬ್ಯಾಚಿನವರೆಲ್ಲ ಒಂದೇ ದಿನ ಶುಭಾಶಯ ಹೇಳಿಕೊಳ್ಳುತ್ತೇವೆ, ನಗುತ್ತೇವೆ. ಆದರೆ ಮಗುವಿನ ಜನನ ಪ್ರಮಾಣಪತ್ರದಲ್ಲಿ ಒಂದು, ಶಾಲೆಯಲ್ಲಿ ಒಂದು ಇದ್ದರೆ ನಗುವ ವಿಷಯ ಅಲ್ಲ. ಮಾರ್ಕ್ಸ್ ಕಾರ್ಡ್ ಅಚ್ಚಾದ ಮೇಲೆ ಹುಟ್ಟಿದ ತಾರೀಖು ಬದಲಿಸಬೇಕೆಂದರೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ.

ಇನ್ನೆರಡು ಸಾಲು ತಪ್ಪದೆ ನೋಡಬೇಕು: ಮಾಧ್ಯಮ ಮತ್ತು ಪ್ರಥಮ ಭಾಷೆ. ಬೀದರ್ ಜಿಲ್ಲೆಯ ಔರಾದ್, ಭಾಲ್ಕಿ, ಬಸವಕಲ್ಯಾಣದಲ್ಲಿ ಮರಾಠಿ ಮಾಧ್ಯಮದ ಶಾಲೆಗಳಿವೆ, ಬೀದರ್, ಕಲಬುರಗಿ ನಗರಗಳಲ್ಲಿ ಉರ್ದು ಮಾಧ್ಯಮದವು ಇವೆ. ಮಂಡಳಿ ಈ ಮಾಧ್ಯಮಗಳಲ್ಲೂ ಪ್ರಶ್ನೆಪತ್ರಿಕೆ ಕೊಡುತ್ತದೆ. ಆದರೆ ಕರಡಿನಲ್ಲಿ ಬೇರೆ ಮಾಧ್ಯಮ ಮುದ್ರಣವಾಗಿದ್ದರೆ ಪರೀಕ್ಷೆಯ ದಿನ ಕೈಗೆ ಬೇರೆ ಲಿಪಿಯ ಪತ್ರಿಕೆ ಬರಬಹುದು.

ತಪ್ಪು ಸಿಕ್ಕಿತೋ, ಅದೇ ದಿನ ಮುಖ್ಯೋಪಾಧ್ಯಾಯರಿಗೆ ಬರೆದು ಕೊಡಿ. ಬಾಯಿಮಾತು ಬೇಡ. ಅರ್ಜಿಯ ಜೊತೆ ಆಧಾರ್, ಜನನ ಪ್ರಮಾಣಪತ್ರದ ಜೆರಾಕ್ಸ್ ಇರಲಿ. ತಿದ್ದುಪಡಿಗೆ ಮಂಡಳಿ ಕೊಡುವ ಅವಧಿ ಸಣ್ಣದು, ಅದು ಮುಗಿದ ಮೇಲೆ ಶಾಲೆಯ ಕೈಯಲ್ಲಿ ಏನೂ ಇರುವುದಿಲ್ಲ. ಮುಂದಿನ ದಾರಿ ಕಲಬುರಗಿಯ ವಿಭಾಗೀಯ ಕಚೇರಿ, ಅಲ್ಲಿಂದ ಬೆಂಗಳೂರು.

ಎರಡನೇ ಹೆಜ್ಜೆ: ಹಾಜರಿ

ಪರೀಕ್ಷೆಗೆ ಕೂರಬೇಕಾದರೆ ಶೇ 75 ಹಾಜರಿ ಬೇಕು. ವರ್ಷಕ್ಕೆ 220 ದಿನ ಶಾಲೆ ನಡೆಯಿತು ಅಂದುಕೊಳ್ಳಿ, 165 ದಿನ ಹುಡುಗ ಬಂದಿರಬೇಕು. ಕೈಯಲ್ಲಿ ಉಳಿಯುವುದು 55 ದಿನ. ಬಹಳ ಆಯಿತು ಅನಿಸುತ್ತದೆ ಅಲ್ಲವೆ? ಎಣಿಸಿ ನೋಡೋಣ. ನವೆಂಬರ್, ಡಿಸೆಂಬರ್‌ನಲ್ಲಿ ಹತ್ತಿ ಬಿಡಿಸಲು ಮೂವತ್ತು ದಿನ. ತೊಗರಿ ರಾಶಿಗೆ ಹತ್ತು. ಅಕ್ಕನ ಲಗ್ನಕ್ಕೆ ಐದು. ಊರ ಜಾತ್ರೆಗೆ ಮೂರು, ಜ್ವರಕ್ಕೆ ಎಂಟು. ಐವತ್ತಾರಾಯಿತು.

ಅಪ್ಪ ಅವ್ವ ಬೆಂಗಳೂರಿಗೋ ಪುಣೆಗೋ ಗುಳೆ ಹೋದ ಮನೆಗಳಲ್ಲಿ ಹುಡುಗ ಅಜ್ಜಿಯ ಹತ್ತಿರ ಇರುತ್ತಾನೆ. ಬೆಳಗ್ಗೆ ಶಾಲೆಗೆ ಅಂತ ಹೊರಟವನು ಎಲ್ಲಿ ಹೋದ ಅಂತ ಅಜ್ಜಿಗೆ ತಿಳಿಯದು. ಹಾಗಾಗಿ ಗುಳೆ ಹೋಗುವ ಮೊದಲು ಕ್ಲಾಸ್ ಟೀಚರ ನಂಬರ್ ತಗೊಂಡು ಹೋಗಿ. ತಿಂಗಳಿಗೊಮ್ಮೆ, ಸಂಬಳ ಬಂದ ದಿನ ಅಂತಲೇ ಇಟ್ಟುಕೊಳ್ಳಿ, ಫೋನ್ ಮಾಡಿ "ನಮ್ಮ ಹುಡುಗ ಎಷ್ಟು ದಿನ ಬಂದಾನ್ರಿ ಸರ?" ಅಂತ ಕೇಳಿ. ಯಾವ ಮಾಸ್ತರೂ ಬೇಸರ ಮಾಡಿಕೊಳ್ಳುವುದಿಲ್ಲ. ಮಗು ನಿಜವಾಗಿ ಕಾಯಿಲೆ ಬಿದ್ದಿದ್ದರೆ ದವಾಖಾನೆಯ ಚೀಟಿ ತಕ್ಷಣ ಶಾಲೆಗೆ ಕೊಡಿ. ಫೆಬ್ರವರಿಯಲ್ಲಿ ತಂದ ಹಳೇ ಚೀಟಿಯನ್ನು ನಂಬುವುದು ಯಾರಿಗೂ ಕಷ್ಟ.

ಮೂರನೇ ಹೆಜ್ಜೆ: ಅಂಕದ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ಗಣಿತ ಮಾಸ್ತರ ನಾನು.

ಆರು ವಿಷಯ, ಒಟ್ಟು 625 ಅಂಕ. ಪ್ರಥಮ ಭಾಷೆ 125, ಉಳಿದ ಐದು ನೂರು ನೂರು. ಪ್ರಥಮ ಭಾಷೆಯಲ್ಲಿ ಬರೆಯುವ ಪರೀಕ್ಷೆ 100ಕ್ಕೆ, ಆಂತರಿಕ ಅಂಕ 25. ಉಳಿದವುಗಳಲ್ಲಿ ಬರೆಯುವುದು 80ಕ್ಕೆ, ಆಂತರಿಕ 20. ಅಂದರೆ ಪರೀಕ್ಷಾ ಕೋಣೆಗೆ ಕಾಲಿಡುವ ಮೊದಲೇ 125 ಅಂಕದ ಹಣೆಬರಹ ಶಾಲೆಯಲ್ಲಿ ಬರೆದಾಗಿರುತ್ತದೆ. ಎಫ್‌ಎ ಅಂತ ಮಕ್ಕಳು ಕರೆಯುವ ರೂಪಣಾತ್ಮಕ ಮೌಲ್ಯಮಾಪನ, ಪ್ರಾಜೆಕ್ಟ್, ಚಟುವಟಿಕೆ ಇವುಗಳಿಂದ ಬರುವ ಅಂಕ ಅದು. ಎಫ್‌ಎ ದಿನ ಹುಡುಗನನ್ನು ಹೊಲಕ್ಕೆ ಕರೆದೊಯ್ದರೆ ಕಳೆದುಕೊಳ್ಳುವುದು ಈ ಅಂಕವನ್ನೇ.

ಪಾಸಾಗಲು ಮೊದಲು ಶೇ 35 ಬೇಕಿತ್ತು. 2025-26ನೇ ಸಾಲಿನಿಂದ ಸರ್ಕಾರ ಅದನ್ನು ಬದಲಿಸಿತು. ಒಟ್ಟಾರೆ ಶೇ 33, ಅಂದರೆ 625ಕ್ಕೆ 206 ಬರಬೇಕು. ಜೊತೆಗೆ ಆಂತರಿಕ ಅಂಕವೂ ಸೇರಿ ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30 ಬರಬೇಕು. ಇದನ್ನು ನಮ್ಮ ಕಡೆ ಅರ್ಧ ಕೇಳಿಸಿಕೊಂಡು "ಮೂವತ್ತು ಬಂದರ ಪಾಸ್" ಅಂತ ಊರೆಲ್ಲ ಹಬ್ಬಿಸಿಬಿಟ್ಟರು.

ಕೂಡಿಸಿ ನೋಡಿ. ಪ್ರಥಮ ಭಾಷೆಯಲ್ಲಿ 38, ಉಳಿದ ಐದರಲ್ಲಿ ಮೂವತ್ತು ಮೂವತ್ತು, ಒಟ್ಟು 188. 206ಕ್ಕೆ ಇನ್ನೂ 18 ಕಡಿಮೆ. ಎಲ್ಲ ವಿಷಯದಲ್ಲೂ ಗೆರೆ ದಾಟಿದ ಹುಡುಗ ಒಟ್ಟಿನಲ್ಲಿ ಬಿದ್ದ. ಹಾಗಾದರೆ ಆ 18 ಎಲ್ಲಿಂದ ತರಬೇಕು? ಗಣಿತ, ವಿಜ್ಞಾನ, ಇಂಗ್ಲಿಷಿನಲ್ಲಿ ಒದ್ದಾಡುವ ಹುಡುಗನಿಗೆ ನಾನು ಹೇಳುವುದು ಒಂದೇ: ನಿನ್ನ ಪ್ರಥಮ ಭಾಷೆ, ಸಮಾಜ ವಿಜ್ಞಾನ ಇವೆರಡನ್ನು ಅರವತ್ತರ ಮೇಲೆ ಒಯ್ಯಿ, ಉಳಿದವು ಗೆರೆ ದಾಟಿದರೆ ಸಾಕು. ಮನೆಭಾಷೆಯಲ್ಲಿ ಬರೆಯುವ ಪತ್ರಿಕೆ ತಾನೆ ಅಂತ ಕನ್ನಡವನ್ನು ಓದದೆ ಬಿಡುವ ಹುಡುಗರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಗಣಿತ ಪತ್ರಿಕೆಯ ಹಂಚಿಕೆಯನ್ನೂ ಹೇಳಿಬಿಡುತ್ತೇನೆ. ಇತ್ತೀಚಿನ ವರ್ಷಗಳ ಮಾದರಿಯಲ್ಲಿ 38 ಪ್ರಶ್ನೆ: ಬಹುಆಯ್ಕೆಯ 8, ಒಂದಂಕದ 8, ಎರಡಂಕದ 8, ಮೂರಂಕದ 9, ನಾಲ್ಕಂಕದ 4, ಐದಂಕದ 1. ಬಹುಆಯ್ಕೆ, ಒಂದಂಕ ಸೇರಿದರೇ ಹದಿನಾರು. ರೇಖಾತ್ಮಕ ಸಮೀಕರಣದ ನಕ್ಷೆ, ಸರಾಸರಿ, ದೂರ ಸೂತ್ರ, ಥೇಲ್ಸ್ ಪ್ರಮೇಯ ಇಷ್ಟನ್ನು ಕೈ ಕೂರುವವರೆಗೆ ಬರೆದರೆ ಗಣಿತ ಅಂದರೆ ನಡುಗುವ ಹುಡುಗನೂ ದಡ ಸೇರುತ್ತಾನೆ. ಉತ್ತರ ತಪ್ಪಿದರೂ ಹಂತಕ್ಕೆ ಅಂಕ ಇರುತ್ತದೆ. ಖಾಲಿ ಬಿಟ್ಟ ಹಾಳೆಗೆ ಯಾರೂ ಅಂಕ ಹಾಕಲು ಬರುವುದಿಲ್ಲ.

ಗ್ರೇಸ್ ಅಂಕದ ಆಸೆ ಬಿಡಿ. 2024ರಲ್ಲಿ ಪರೀಕ್ಷಾ ಕೋಣೆಗಳಿಗೆ ಮೊದಲ ಸಲ ವೆಬ್‌ಕಾಸ್ಟಿಂಗ್ ಬಂತು, ಫಲಿತಾಂಶ ಕುಸಿಯಿತು, ಆ ಒಂದು ವರ್ಷಕ್ಕೆ ಗ್ರೇಸ್ ಹೆಚ್ಚಿಸಿ ಕೊಟ್ಟರು. ಮರುವರ್ಷ ಕೊಡಲಿಲ್ಲ.

ವಿಶೇಷ ಅಗತ್ಯದ ಮಕ್ಕಳಿದ್ದರೆ

ಕಣ್ಣು ಕಾಣದ, ಕಿವಿ ಕೇಳದ, ಕೈ ಸ್ವಾಧೀನದಲ್ಲಿಲ್ಲದ ಮಕ್ಕಳಿಗೆ ಬರೆಯುವ ಸಹಾಯಕರನ್ನು ಕೊಡುತ್ತಾರೆ, ಹೆಚ್ಚಿನ ಸಮಯವೂ ಇದೆ. ಆದರೆ ಇದು ತಾನಾಗಿ ಬರುವುದಿಲ್ಲ. ವೈದ್ಯಕೀಯ ಪ್ರಮಾಣಪತ್ರದ ಜೊತೆ ಶಾಲೆಯ ಮೂಲಕ ಮೊದಲೇ ಅನುಮತಿ ಪಡೆಯಬೇಕು. ಬರೆಯುವವರು ಕೆಳಗಿನ ತರಗತಿಯವರಾಗಿರಬೇಕು. ಅಕ್ಟೋಬರ್‌ನಲ್ಲೇ ಬಾಯಿ ಬಿಟ್ಟು ಕೇಳಿ.

ನಾಲ್ಕನೇ ಹೆಜ್ಜೆ: ಪರೀಕ್ಷೆಯ ದಿನ

ನಮ್ಮ ಭಾಗದಲ್ಲಿ ಮಾರ್ಚ್ ಅಂದರೆ ಹೋಳಿ, ಅದರ ಐದನೇ ದಿನಕ್ಕೆ ಕಲಬುರಗಿಯ ಶರಣಬಸವೇಶ್ವರ ಜಾತ್ರೆ, ಆಮೇಲೆ ಯುಗಾದಿ. ಇತ್ತೀಚೆಗೆ ರಂಜಾನ್ ಉಪವಾಸವೂ ಅದೇ ಸುಮಾರಿಗೆ ಬರುತ್ತಿದೆ. ಮೇಲೆ ಬಿಸಿಲು. ಪರೀಕ್ಷೆಯ ವಾರದಲ್ಲಿ ಮನೆಯಲ್ಲಿ ಬೀಗರನ್ನು ಸೇರಿಸಬೇಡಿ ಅಂತ ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

ಪರೀಕ್ಷೆ ಬೆಳಗ್ಗೆ 10ಕ್ಕೆ. ಮೊದಲ 15 ನಿಮಿಷ ಪ್ರಶ್ನೆಪತ್ರಿಕೆ ಓದಲು. ಈ ಹದಿನೈದು ನಿಮಿಷವನ್ನು ಹುಡುಗರು ಕಿಟಕಿ ನೋಡಿ ಕಳೆಯುತ್ತಾರೆ. ತನಗೆ ಬರುವ ಪ್ರಶ್ನೆ ಯಾವುವು ಅಂತ ಗುರುತಿಟ್ಟುಕೊಳ್ಳಲು ಇರುವ ಹೊತ್ತು ಅದು. ಒಂಬತ್ತೂವರೆಗೆ ಕೇಂದ್ರದಲ್ಲಿ ಇರಬೇಕು. ನಿಮ್ಮ ಶಾಲೆಯೇ ಕೇಂದ್ರ ಆಗಿರಬೇಕೆಂದೇನಿಲ್ಲ ಎನ್ನುವುದು ನೆನಪಿರಲಿ. ಹಳ್ಳಿಯಿಂದ ಹದಿನೈದು ಕಿಲೋಮೀಟರ್ ದೂರ ಇರಬಹುದು. ಹಿಂದಿನ ದಿನ ಒಮ್ಮೆ ಹೋಗಿ ಬನ್ನಿ, ಎಷ್ಟು ಗಂಟೆಯ ಬಸ್ಸಿಗೆ ಹೊರಟರೆ ಎಷ್ಟಕ್ಕೆ ಮುಟ್ಟುತ್ತದೆ ಅಂತ ನೋಡಿ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಬಸ್ ಹೇಗೂ ಪುಕ್ಕಟೆ. ಗಂಡುಹುಡುಗರಿಗೂ ಪರೀಕ್ಷೆಯ ದಿನ ಹಾಲ್ ಟಿಕೆಟ್ ತೋರಿಸಿದರೆ ಸರ್ಕಾರಿ ಬಸ್‌ನಲ್ಲಿ ಉಚಿತ ಅಂತ ಪರೀಕ್ಷೆಗೆ ಮುಂಚೆ ಪ್ರಕಟಣೆ ಬರುತ್ತದೆ, ಕಣ್ಣಿಡಿ.

ಒಳಗೆ ಒಯ್ಯಬೇಕಾದದ್ದು ಹಾಲ್ ಟಿಕೆಟ್, ಎರಡು ನೀಲಿ ಪೆನ್ನು, ಜಾಮಿಟ್ರಿ ಬಾಕ್ಸ್, ನೀರಿನ ಬಾಟಲಿ. ಮೊಬೈಲ್, ಸ್ಮಾರ್ಟ್ ವಾಚ್, ಕ್ಯಾಲ್ಕುಲೇಟರ್ ಮನೆಯಲ್ಲೇ ಇರಲಿ. ರಿಜಿಸ್ಟರ್ ನಂಬರನ್ನು ಹೇಳಿದ ಜಾಗದಲ್ಲಿ ಮಾತ್ರ ಬರೆಯಬೇಕು. ಉತ್ತರಪತ್ರಿಕೆಯ ಒಳಗೆ ಹೆಸರು, ಊರು, ಫೋನ್ ನಂಬರ್, ದೇವರ ಹೆಸರು ಯಾವುದೂ ಬೇಡ. 2025ರಲ್ಲಿ ಚಿಕ್ಕೋಡಿಯಲ್ಲಿ ಮೌಲ್ಯಮಾಪನದ ವೇಳೆ ಉತ್ತರಪತ್ರಿಕೆಯಲ್ಲಿ 500 ರೂಪಾಯಿಯ ನೋಟು ಸಿಕ್ಕಿ ಸುದ್ದಿಯಾಯಿತು. ಪಾಸ್ ಮಾಡಿಸಿ, ನನ್ನ ಪ್ರೀತಿ ನಿಮ್ಮ ಕೈಯಲ್ಲಿದೆ ಅಂತ ಬರೆದ ಮಹಾಶಯನೂ ಅಲ್ಲೇ ಇದ್ದ. ನಕ್ಕು ಬಿಡಬಹುದು, ಆದರೆ ಪೇಪರ್ ತಿದ್ದುವವರಿಗೆ ಅದರಿಂದ ಕರುಣೆ ಹುಟ್ಟುವುದಿಲ್ಲ.

ನಕಲಿನ ಮಾತು ಎತ್ತದೆ ಇರಲು ಆಗುವುದಿಲ್ಲ. ನಮ್ಮ ಕಡೆ ಮೊದಲು ಕಾಂಪೌಂಡ್ ಹತ್ತಿ ಕಿಟಕಿಯಲ್ಲಿ ಚೀಟಿ ಎಸೆಯುವುದನ್ನು ಅಣ್ಣತಮ್ಮಂದಿರ ಕರ್ತವ್ಯ ಅಂದುಕೊಂಡಿದ್ದರು. ಈಗ ಕೇಂದ್ರದ ಸುತ್ತ 200 ಮೀಟರ್ ನಿಷೇಧಾಜ್ಞೆ, ಜೆರಾಕ್ಸ್ ಅಂಗಡಿ ಬಂದ್. ಕೋಣೆಯಲ್ಲಿ ಕ್ಯಾಮೆರಾ, ಜಿಲ್ಲಾ ಕೇಂದ್ರದಲ್ಲಿ ಕೂತು ನೋಡುವವರು ಇದ್ದಾರೆ. ಸಿಕ್ಕಿಬಿದ್ದರೆ ಡಿಬಾರ್, ಒಳಗಿದ್ದ ಮೇಲ್ವಿಚಾರಕರ ಮೇಲೂ ಕ್ರಮ. ನನಗನ್ನಿಸುವುದು ಬೇರೆ. ನಕಲಿನ ಆಸೆ ಇರುವ ಹುಡುಗ ಜನವರಿಯಲ್ಲೇ ಓದುವುದನ್ನು ನಿಲ್ಲಿಸುತ್ತಾನೆ. "ಆ ದಿನ ಏನಾರ ಆಗ್ತದ" ಅಂತ ಮನೆಯವರೇ ಧೈರ್ಯ ತುಂಬಿದ್ದರೆ ಅವನ ತಪ್ಪೇನು?

ಐದನೇ ಹೆಜ್ಜೆ: ಫಲಿತಾಂಶ ಬಂದ ಮೇಲೆ

2023-24, 2024-25ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ನಡೆದವು. ಹಳೆಯ ಪೂರಕ ಪರೀಕ್ಷೆ ಅನ್ನುವ ಹೆಸರೇ ಹೋಯಿತು. ಪರೀಕ್ಷೆ-1ರಲ್ಲಿ ಬಿದ್ದ ವಿಷಯಗಳನ್ನು ಮಾತ್ರ 2ರಲ್ಲಿ ಬರೆಯಬಹುದು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು. ಬರೆದ ಪರೀಕ್ಷೆಗಳಲ್ಲಿ ಯಾವುದರಲ್ಲಿ ಹೆಚ್ಚು ಬಂತೋ ಅದೇ ಅಂಕ ನಿಲ್ಲುತ್ತದೆ, ಕಡಿಮೆ ಬಂದರೆ ನಷ್ಟ ಇಲ್ಲ. 2025ರಲ್ಲಿ ಮೇ 2ಕ್ಕೆ ಫಲಿತಾಂಶ ಬಂತು, ಮೇ ಕೊನೆಯ ವಾರದಲ್ಲೇ ಪರೀಕ್ಷೆ-2 ಶುರುವಾಯಿತು. ಸಿಗುವುದು ಮೂರು ವಾರ. ಅತ್ತು ಮುಗಿಸಲು ಎರಡು ದಿನ ಕೊಡಿ. ಮೂರನೇ ದಿನ ಶಾಲೆಗೆ ಹೋಗಿ ಅರ್ಜಿ ಹಾಕಿಸಿ.

ಅಂಕ ಕಡಿಮೆ ಬಂತು ಅನಿಸಿದರೆ ಮೊದಲು ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ, ವಿಷಯದ ಮಾಸ್ತರಿಗೆ ತೋರಿಸಿ. ಅವರು ಹೌದು ಅಂದರೆ ಮರುಎಣಿಕೆಗೋ ಮರುಮೌಲ್ಯಮಾಪನಕ್ಕೋ ಹಾಕಿ. ಪ್ರತಿ ನೋಡದೆ ಸಿಟ್ಟಿನಲ್ಲಿ ಹಣ ಕಟ್ಟಬೇಡಿ. ಮರುಮೌಲ್ಯಮಾಪನದ ಭರವಸೆಯಲ್ಲಿ ಪರೀಕ್ಷೆ-2ರ ಅರ್ಜಿ ಬಿಡಲೂಬೇಡಿ.

ಮೇ ತಿಂಗಳು ಲಗ್ನದ ಹಂಗಾಮು. ಹುಡುಗಿ ಒಂದು ವಿಷಯದಲ್ಲಿ ಬಿದ್ದಳು ಅಂದ ತಕ್ಷಣ "ಇನ್ನೇನು ಓದಿಸೋದು" ಅಂತ ವರ ನೋಡಲು ಹೊರಡುವ ಮನೆಗಳನ್ನು ಕಂಡಿದ್ದೇನೆ. ಹದಿನಾರು ತುಂಬದ ಹುಡುಗಿ. ಹದಿನೆಂಟಕ್ಕೆ ಮೊದಲು ಲಗ್ನ ಅಪರಾಧ, 1098ಕ್ಕೆ ಯಾರು ಬೇಕಾದರೂ ಫೋನ್ ಮಾಡಬಹುದು, ಹುಡುಗಿಯೇ ಮಾಡಬಹುದು. ಈ ನಂಬರನ್ನು ನಾನು ಫೇರ್‌ವೆಲ್ ದಿನ ಬೋರ್ಡಿನ ಮೇಲೆ ಬರೆದು ಅಳಿಸದೆ ಬಿಡುತ್ತೇನೆ.

ಪಾಸಾದವರು ಮಾಡಿಸಬೇಕಾದ ಕಾಗದ

ಪಿಯುಸಿಗೋ ಐಟಿಐಗೋ ಡಿಪ್ಲೊಮಾಗೋ ಹೋಗುವಾಗ ಜಾತಿ ಮತ್ತು ಆದಾಯ ಪ್ರಮಾಣಪತ್ರ ಕೇಳುತ್ತಾರೆ. ನಾಡಕಚೇರಿಯಲ್ಲಿ ಅರ್ಜಿ ಹಾಕಿ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ, ಮನೆಯಲ್ಲಿ ಇರುವುದರ ತಾರೀಖು ನೋಡಿಕೊಳ್ಳಿ. ವಿದ್ಯಾರ್ಥಿವೇತನ ಬರುವ ಬ್ಯಾಂಕ್ ಖಾತೆ ಮಗುವಿನ ಹೆಸರಿನಲ್ಲಿರಲಿ, ಆಧಾರ್ ಜೋಡಣೆ ಆಗಿರಲಿ.

ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರವನ್ನು ಹತ್ತನೇ ಮುಗಿದ ರಜೆಯಲ್ಲೇ ಮಾಡಿಸಿಟ್ಟರೆ ಪಿಯುಸಿ ಆದ ಮೇಲೆ ಸಿಇಟಿ ಹೊತ್ತಿಗೆ ಓಡಾಟ ತಪ್ಪುತ್ತದೆ. ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ಇರುವುದು ಇದರ ಮೇಲೆಯೇ. ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು. ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಬರೆಸಿಕೊಳ್ಳಬೇಕಾಗುತ್ತದೆ. ಒಂದನೇ ಕ್ಲಾಸು ಒಂದೂರಲ್ಲಿ, ಐದನೇದು ಇನ್ನೊಂದೂರಲ್ಲಿ ಓದಿದ್ದರೆ ಎರಡೂ ಕಡೆಯಿಂದ ತರಬೇಕು. ಹೈಸ್ಕೂಲ್ ಗುಮಾಸ್ತರು ರಜೆಗೆ ಹೋಗುವ ಮೊದಲೇ ಹಿಡಿಯಿರಿ.

ಇನ್ನೊಂದು ಮಾತು. ಕಲಬುರಗಿ ವಿಭಾಗದಲ್ಲಿ ಬೇಸಿಗೆಗೆ, ಏಪ್ರಿಲ್ ಮತ್ತು ಮೇ ತಿಂಗಳು, ಸರ್ಕಾರಿ ಕಚೇರಿಗಳ ಸಮಯ ಬೆಳಗ್ಗೆ 8ರಿಂದ ಮಧ್ಯಾಹ್ನ 1.30 ಅಂತ ಬದಲಾಗುತ್ತದೆ. ಊಟ ಮುಗಿಸಿ ಎರಡಕ್ಕೆ ಹೋದವರು ಬೀಗ ನೋಡಿ ಬರುತ್ತಾರೆ. ಮೊದಲ ಬಸ್ಸಿಗೆ ಹೊರಡಿ, ಕಾಗದದ ಎರಡೆರಡು ಜೆರಾಕ್ಸ್ ಇರಲಿ, ಅಸಲು ಪ್ರತಿಯನ್ನು ತೋರಿಸಿ ವಾಪಸ್ ತಗೊಳ್ಳಿ.